ಸೀಲು ಒಡೆದ ಮೇಲೆ

ಪರದೆಯ ಹಿಂದೆ ಇನ್ಸ್‌ಪೆಕ್ಟರಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು. ಪರದೆಗೂ ಅವಳ ಮೂಗಿಗೂ ನಡುವೆ ಒಂದು ಗೇಣು ಜಾಗ. ಎಷ್ಟು ಒಗೆದರೂ ಹೋಗದ ಫಿನಾಯಿಲಿನ ಘಾಟು ಆ ಬಟ್ಟೆಗೆ. ಈಗ ಸೀನು ಬಂದರೆ ಕೆಟ್ಟೆ ಎಂದುಕೊಂಡು ಮೂಗಿನ ತುದಿಯನ್ನು ಚಿವುಟಿ ಹಿಡಿದಳು.

ಪರದೆಯ ಸಂದಿಯಲ್ಲಿ ಅವಳಿಗೆ ಕಾಣುತ್ತಿದ್ದುದು ಎರಡು ಕೈಗಳು ಮಾತ್ರ.

ಆ ಕೈಗಳಿಗೆ ಯಾವ ಅವಸರವೂ ಇರಲಿಲ್ಲ. ಬಿಳಿ ಬಾಟಲಿಯೊಂದರ ಮುಚ್ಚಳ ತಿರುಗಿಸಿದವು. ಒಳಗಿದ್ದ ಮಾತ್ರೆಗಳನ್ನು ಸ್ಟೀಲಿನ ತಟ್ಟೆಗೆ ಸುರಿದವು. ಸದ್ದಾಗದಿರಲೆಂದು ತಟ್ಟೆಯಲ್ಲಿ ಮೊದಲೇ ಹತ್ತಿ ಹಾಸಿತ್ತು. ಆಮೇಲೆ ಮೇಜಿನ ಕೆಳಗಿಂದ ಒಂದು ಡಬ್ಬ ಮೇಲೆ ಬಂತು. ಅದೇ ಗಾತ್ರದ, ಅದೇ ಇಟ್ಟಿಗೆ ಬಣ್ಣದ ಬೇರೆ ಮಾತ್ರೆಗಳು ಬಾಟಲಿಯೊಳಗೆ ಇಳಿದವು. ಕೊನೆಗೆ ಬಲಗೈ ಪೆನ್ನು ಹಿಡಿದು, ಬಾಟಲಿಯ ಮೈಮೇಲೆ ರೋಗಿಯ ಹೆಸರನ್ನು ದುಂಡಗೆ ಬರೆಯಿತು.

ಆ ದುಂಡಕ್ಷರ ಈ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರಿಗೂ ಗೊತ್ತು. ಲಿವರ್ ಡಾಕ್ಟರದು.

ಇನ್ಸ್‌ಪೆಕ್ಟರಮ್ಮ ಪರದೆಯ ಸಂದಿಗೆ ಇನ್ನಷ್ಟು ಬಗ್ಗಿ ನೋಡಿದಳು. ಯಾರ ಕೈಯನ್ನೋ ನೋಡಲು ನಿಂತಿದ್ದಳು. ಈ ಕೈ ಮಾತ್ರ ಆಗದಿರಲಿ ಎಂದುಕೊಂಡಿದ್ದಳು.

ಹೆಪಟೈಟಿಸ್ ಸಿ ಎಂಬ ಲಿವರ್ ಕಾಯಿಲೆಗೆ ಈ ಸರ್ಕಾರಿ ಆಸ್ಪತ್ರೆ ಪುಕ್ಕಟೆ ಕೊಡುವ ಮೂರು ತಿಂಗಳ ಮಾತ್ರೆಯನ್ನು ಒಂದೂ ಬಿಡದೆ ನುಂಗಿದ ನಾಲ್ವರ ರಕ್ತದಲ್ಲಿ ವೈರಸ್ ಹಾಗೇ ಉಳಿದಿತ್ತು. ಅವರಲ್ಲಿ ಒಬ್ಬ ಬಸ್ ಡ್ರೈವರು ಮೊನ್ನೆ ರಕ್ತ ಕಾರಿ ಸತ್ತಿದ್ದ. ಏನಾಯಿತೆಂದು ಹುಡುಕಲು ಔಷಧ ಇಲಾಖೆ ಇವಳನ್ನು ಕಳಿಸಿತ್ತು.

ಇಲಾಖೆಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವಳ ಒಡಹುಟ್ಟಿದ ಅಣ್ಣನೂ ಇದೇ ಮಾತ್ರೆ ನುಂಗುತ್ತಿದ್ದ. ಎರಡು ತಿಂಗಳು ಮುಗಿದು, ಮೂರನೆಯ ಬಾಟಲಿ ಇವತ್ತು ಸಿಗಬೇಕು. ಅವನ ಲಿವರ್ ಆಗಲೇ ಕಲ್ಲಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಈ ಮಾತ್ರೆ ಹಿಡಿದರೆ ಉಳಿದ, ಹಿಡಿಯದಿದ್ದರೆ ಇಲ್ಲ. ಅವನ ಎರಡನೆಯ ಬಾಟಲಿಯಿಂದ ಅವಳು ಕದ್ದು ತಂದ ಒಂದು ಮಾತ್ರೆಯಲ್ಲಿ ಅರ್ಧ ಅರೆದು ನೋಡಿದ ಲ್ಯಾಬಿನ ಗೆಳತಿ ನಿನ್ನೆ ಫೋನಿನಲ್ಲಿ ಹೇಳಿದ್ದಳು: "ಇದ್ರಲ್ಲಿ ಔಷಧಿ ಹೆಸರಿಗೂ ಇಲ್ಲ ಕಣೇ. ಬರೀ ಸುಣ್ಣದ ಪುಡಿ, ಮೇಲೊಂದಿಷ್ಟು ಬಣ್ಣ."

ಗೋಡೆಯಾಚೆ ಹಜಾರದಲ್ಲಿ ಕತ್ತರಿಯ ಸದ್ದು ಕೇಳಿಸಿತು. ಕರಕ್ಕನೆ ಒಂದು ಪ್ಲಾಸ್ಟಿಕ್ ಬಾಟಲಿ ಎರಡಾಯಿತು.

ಅದು ಕತ್ತರಿ ಸಿಸ್ಟರ್. ಖಾಲಿ ಬಾಟಲಿ ತಂದು ಒಪ್ಪಿಸದೆ ಹೊಸ ಬಾಟಲಿ ಕೊಡುವುದಿಲ್ಲ ಎಂಬುದು ಇಲ್ಲಿಯ ಕಟ್ಟುಪಾಡು. ತಂದ ಖಾಲಿ ಬಾಟಲಿಯನ್ನು ಸಿಸ್ಟರ್ ರೋಗಿಯ ಕಣ್ಣೆದುರೇ ಕತ್ತರಿಸುತ್ತಾರೆ, ಖದೀಮರು ಯಾರೂ ಅದನ್ನೇ ತುಂಬಿಸಿ ಮಾರಬಾರದು ಎಂದು. ಆಮೇಲೆ ಹೊಸ ಬಾಟಲಿಯ ಸೀಲು ತಾವೇ ಒಡೆಯುತ್ತಾರೆ, ರೋಗಿಯೇ ಸೀಲು ಸಮೇತ ಮಾರಿಕೊಳ್ಳಬಾರದು ಎಂದು. ಮೊದಲ ಮಾತ್ರೆಯನ್ನು ಅವರೆದುರೇ ನುಂಗಬೇಕು. ವಾಂತಿಯಾಗುತ್ತದೋ ಏನೋ ನೋಡಲು ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು.

"ಬಾಯಿ ತೆಗೀರಿ. ನಾಲಿಗೆ ಎತ್ತಿ. ಕೆನ್ನೆ ಒಳಗೆ ಬಚ್ಚಿಟ್ಕೊಂಡಿದ್ದೀರೋ ಹೇಗೆ?"

"ಅಯ್ಯೋ ಸಿಸ್ಟರ್, ನನ್ನ ಹೆಂಡತಿಗೂ ಇಷ್ಟು ಅನುಮಾನ ಇಲ್ಲ."

"ಅವರಿಗೆ ನಿಮ್ಮನ್ನ ಆಯ್ಕೆ ಮಾಡೋ ಮೊದಲು ಅನುಮಾನ ಬರಬೇಕಿತ್ತು. ಕೂತ್ಕೊಳ್ಳಿ ಅಲ್ಲಿ."

ಬೆಂಚು ನಕ್ಕಿತು. ಪರದೆಯ ಹಿಂದೆ ಇನ್ಸ್‌ಪೆಕ್ಟರಮ್ಮನಿಗೆ ನಗು ಬರಲಿಲ್ಲ.

ಅಣ್ಣನ ಬಾಟಲಿಯನ್ನು ಅವಳು ಮನೆಯಲ್ಲಿ ತಿರುಗಿಸಿ ಮುರುಗಿಸಿ ನೋಡಿದ್ದಳು. ಕಂಪನಿ ಹಾಕಿದ ಸೀಲನ್ನು ಹರಿದರೆ ಬಾಟಲಿಯ ಬಾಯಂಚಿಗೆ ಬೆಳ್ಳಿ ಬಣ್ಣದ ತೆಳು ಉಂಗುರವೊಂದು ಅಂಟಿಕೊಂಡೇ ಇರುತ್ತದೆ. ಉಗುರು ಹಾಕಿ ಕೆರೆದರೂ ಏಳುವುದಿಲ್ಲ. ಅಂಟು ಹಚ್ಚಿ ಮೋಸ ಮಾಡಿದ ಸೀಲಾದರೆ ಇಡಿಯಾಗಿ ಕಿತ್ತು ಬರುತ್ತದೆ. ಅಣ್ಣನ ಬಾಟಲಿಯಲ್ಲಿ ಉಂಗುರ ಇತ್ತು. ಅಂದರೆ ಬಾಟಲಿ ನಿಜ, ಸೀಲು ನಿಜ, ಒಳಗೆ ಬಂದದ್ದೂ ನಿಜವಾದ ಮಾತ್ರೆಯೇ. ಬದಲಾದದ್ದು ಸೀಲು ಒಡೆದ ಮೇಲೆ.

ಹಾಗಾಗಿ ಉಗ್ರಾಣದವನೂ ಲಾರಿಯವನೂ ಒಟ್ಟಿಗೆ ಅವಳ ಲೆಕ್ಕದಿಂದ ಆಚೆ ಹೋದರು. ಸೀಲು ಒಡೆದ ಮೇಲೆ ಬಾಟಲಿ ಎಲ್ಲಿರುತ್ತದೆ? ರೋಗಿ ಬೆಂಚಿನ ಮೇಲೆ ಕೂತ ಆ ಅರ್ಧ ಗಂಟೆ, ಹೆಸರು ಬರೆಯಿಸಿಕೊಳ್ಳಲು ಈ ಪುಟ್ಟ ಕಿಟಕಿಯಿಂದ ಈ ಕೋಣೆಯೊಳಗೆ ಬರುತ್ತದೆ.

ಇಷ್ಟು ದೊಡ್ಡ ಡಾಕ್ಟರು ತಮ್ಮ ಕೈಯಾರೆ ನಮ್ಮ ಹೆಸರು ಬರೀತಾರೆ ಎಂದು ರೋಗಿಗಳು ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು.

ಇನ್ಸ್‌ಪೆಕ್ಟರಮ್ಮ ಪರದೆ ಸರಿಸಿದಳು.

"ಅಕ್ಷರ ಚೆನ್ನಾಗಿದೆ ಡಾಕ್ಟ್ರೇ."

ಪೆನ್ನು ನಿಂತಿತು. ಡಾಕ್ಟರು ತಲೆ ಎತ್ತಿದರು. ಹಾರಿಬೀಳಲಿಲ್ಲ, ಡಬ್ಬವನ್ನು ಕಾಲಿನಿಂದ ಒಳಗೆ ತಳ್ಳಲೂ ಇಲ್ಲ. ಪೆನ್ನಿನ ಮುಚ್ಚಳ ಹುಡುಕಿ ಹಾಕಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಎಷ್ಟು ಹೊತ್ತಿಂದ ನಿಂತಿದ್ದೀರಿ?"

"ಸಾಕಾಗೋಷ್ಟು ಹೊತ್ತಿಂದ."

"ಕೂತ್ಕೊಳ್ಳಿ. ಕಾಲು ನೋವು ಬಂದಿರುತ್ತೆ."

"ನನ್ನ ಕಾಲಿನ ಚಿಂತೆ ಬಿಡಿ. ಆ ಡಬ್ಬದಲ್ಲಿರೋದು ಏನು?"

"ವಿಟಮಿನ್. ನಮ್ಮದೇ ಔಷಧಿ ಅಂಗಡಿಲಿ ಸಿಗೋದು. ನೀವೂ ತಗೊಳ್ಳಬಹುದು, ಮುಖ ಬಾಡಿದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಒಬ್ಬ ಮನುಷ್ಯ ಸತ್ತಿದ್ದಾನೆ ಡಾಕ್ಟ್ರೇ! ಮೂರು ತಿಂಗಳು ನಿಮ್ಮ ಮೇಲೆ ನಂಬಿಕೆ ಇಟ್ಟು ನುಂಗಿದ. ನೀವಿಲ್ಲಿ ಹತ್ತಿ ಹಾಸ್ಕೊಂಡು ತಮಾಷೆ ಮಾಡ್ತಿದ್ದೀರಾ?"

"ಮೆಲ್ಲಗೆ ಮಾತಾಡಿ. ಹೊರಗೆ ಕೂತಿರೋರಿಗೆ ಈ ಮಾತ್ರೆ ಬಿಟ್ಟರೆ ಬೇರೆ ಗತಿ ಇಲ್ಲ. ನನ್ನ ಮೇಲೆ ನಂಬಿಕೆ ಹೋದರೆ ಹೋಗಲಿ, ಮಾತ್ರೆ ಮೇಲೆ ಹೋಗಬಾರದು."

ಅವರು ಎದ್ದು ಬಾಗಿಲಿನ ಚಿಲಕ ಹಾಕಿದರು. ಅವಳ ಕೈ ತಾನಾಗಿ ಜೇಬಿನ ಫೋನಿನ ಮೇಲೆ ಹೋಯಿತು.

"ಹೆದರಬೇಡಿ. ನನಗೆ ಓಡೋ ವಯಸ್ಸೂ ಇಲ್ಲ, ಹೊಡೆಯೋ ವಯಸ್ಸೂ ಇಲ್ಲ." ಡಾಕ್ಟರು ಮತ್ತೆ ಕುರ್ಚಿಯಲ್ಲಿ ಕುಸಿದರು. "ಕೇಳಿ. ಲಿವರ್ ಇನ್ನೂ ಮೆತ್ತಗಿರೋ ರೋಗಿಗೆ ಎರಡು ತಿಂಗಳ ಮಾತ್ರೆ ಸಾಕು. ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ ಸಾಕು. ನಿಯಮದಲ್ಲಿ ಮೂರು ತಿಂಗಳು ಅಂತಿದೆ. ಮೂರನೇ ಬಾಟಲಿ ಅವರ ಹೆಸರಲ್ಲಿ ಬರುತ್ತೆ. ಅದೇ ಹೊತ್ತಿಗೆ ಆ ಹಿಂದಿನ ಬಾಗಿಲಲ್ಲಿ ಬೇರೆ ಜನ ಬಂದು ನಿಂತಿರ್ತಾರೆ. ಗುರುತಿನ ಚೀಟಿ ಇಲ್ಲದೋರು. ಬೇರೆ ಕಡೆಯಿಂದ ಕೂಲಿಗೆ ಬಂದೋರು. ಜೈಲಿಂದ ಬಿಟ್ಟೋರು. ಅವರಿಗೆ ಒಂದು ಮಾತ್ರೆಯೂ ಕೊಡೋ ಹಾಗಿಲ್ಲ. ಲಿವರ್‌ಗೆ ಚೀಟಿ ಇರುತ್ತಾ ಮೇಡಂ?"

"ಅದಕ್ಕೆ ಇವರ ಬಾಯಿಂದ ಕಿತ್ತು ಅವರ ಬಾಯಿಗೆ ಹಾಕ್ತೀರಿ."

"ಹೌದು."

ತಪ್ಪು ಮಾಡಿದವರು 'ಇಲ್ಲ' ಎಂದೇ ಸಾಧಿಸುವುದನ್ನು ಅವಳು ಎಷ್ಟೋ ಕಂಡಿದ್ದಳು. ಹೀಗೆ ಹೌದು ಎಂದು ಮೇಜಿನ ಮೇಲೆ ಇಡುವವರನ್ನು ಕಂಡಿರಲಿಲ್ಲ.

"ಇವರನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ."

"ಕೇಳಿದ್ರೆ ಒಪ್ತಿದ್ರು ಅಂತ ನಿಮಗೆ ಅನ್ನಿಸುತ್ತಾ?"

ಡಾಕ್ಟರು ತಟ್ಟೆಯಲ್ಲಿದ್ದ ಮಾತ್ರೆಗಳನ್ನೇ ನೋಡುತ್ತ ಕೂತರು. "ಒಬ್ಬಿಬ್ಬರು ಒಪ್ತಿದ್ರು. ಉಳಿದೋರು ನನ್ನ ಕಾಲರ್ ಹಿಡೀತಿದ್ರು. ಹಿಡೀಲಿ. ಅದು ಅವರ ಹಕ್ಕು."

"ನನ್ನಣ್ಣನ ಹಕ್ಕು ಎಲ್ಲಿ ಹೋಯ್ತು?"

ಮಾತು ಬಾಯಿಂದ ಜಾರಿತು. ನಾಲಿಗೆ ಕಚ್ಚಿಕೊಂಡಳು. ಆದರೆ ತಡವಾಗಿತ್ತು.

ಡಾಕ್ಟರ ಹುಬ್ಬು ಮೇಲೇರಿತು. "ನಿಮ್ಮಣ್ಣ? ಯಾರು?"

ಅವಳು ಹೇಳಿದಳು. ಇನ್ನು ಮುಚ್ಚಿಟ್ಟು ಏನು ಲಾಭ?

"ಓ. ಆ ಮರಗೆಲಸದವರು! ಅವರ ತಂಗಿಯಾ ನೀವು? ಇದು ನಿಮ್ಮ ಮೇಲಿನವರಿಗೆ ಗೊತ್ತಾ?"

"ಗೊತ್ತಾದ್ರೆ ಈ ಕೇಸು ನನ್ನ ಕೈಲಿರಲ್ಲ. ಹೋಗಿ ಹೇಳಿ ಬೇಕಾದ್ರೆ. ಅದಕ್ಕಿಂತ ಮೊದಲು ನನಗೆ ಉತ್ತರ ಕೊಡಿ. ನನ್ನಣ್ಣನ ಲಿವರ್ ಮೆತ್ತಗಿಲ್ಲ. ಅದು ನಿಮಗೆ ಗೊತ್ತಿತ್ತು. ಅವನ ಬಾಟಲಿಲಿ ಬರೀ ಸುಣ್ಣದ ಮಾತ್ರೆ ಸಿಕ್ಕಿದೆ. ಯಾಕೆ ಬದಲಿಸಿದ್ರಿ?"

"ನಾನು ಬದಲಿಸಿಲ್ಲ."

"ಈಗ ತಾನೆ ಕಣ್ಣಾರೆ ನೋಡಿದ್ದೀನಿ!"

"ಇದು ಬೇರೆಯವರದು. ಗಟ್ಟಿ ಲಿವರ್ ಇರೋ ಒಬ್ಬರ ಬಾಟಲಿಯನ್ನೂ ನಾನು ಮುಟ್ಟಿಲ್ಲ. ಮುಟ್ಟಿದ್ರೆ ಅದು ಕೊಲೆ. ಅಷ್ಟು ವಿವೇಚನೆ ಇನ್ನೂ ಉಳಿದಿದೆ ನನಗೆ." ಅವರ ದನಿ ಮೊದಲ ಬಾರಿಗೆ ಗಡುಸಾಯಿತು. "ಹೊಟ್ಟೆ ಮೇಲೆ ಇಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಯಂತ್ರ ಇದೆಯಲ್ಲ, ಅದನ್ನ ಪ್ರತಿಯೊಬ್ಬರಿಗೂ ನಾನೇ ಇಟ್ಟು ನೋಡ್ತೀನಿ. ನಾನು ವಿಟಮಿನ್ ಕೊಟ್ಟವರ ರಕ್ತವನ್ನ ಆಮೇಲೆ ನಾನೇ ಪರೀಕ್ಷೆ ಮಾಡಿಸ್ತೀನಿ. ಈವರೆಗೆ ಎಲ್ಲರದೂ ಶುದ್ಧ ಆಗಿದೆ. ನಾಳೆ ಒಬ್ಬರದು ಆಗಲಿಲ್ಲ ಅಂದ್ರೆ ನನ್ನನ್ನ ಕೇಳಿ, ತಲೆ ಕೊಡ್ತೀನಿ. ಆದರೆ ಆ ನಾಲ್ವರನ್ನ ನನ್ನ ತಲೆಗೆ ಕಟ್ಟಬೇಡಿ. ಆ ನಾಲ್ವರದೂ ಗಟ್ಟಿ ಲಿವರ್."

ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಕೇಸಿನ ಕಡತ ತಿರುವಿದಳು. ಬಸ್ ಡ್ರೈವರಿಗೆ ಹೊಟ್ಟೆಯಲ್ಲಿ ನೀರಿತ್ತು. ಹೊಲಿಗೆಯ ಅಜ್ಜಿಗೆ ಕಾಲು ಬಾತಿತ್ತು. ಉಳಿದಿಬ್ಬರು ಹಾಸಿಗೆ ಹಿಡಿದವರು. ಎಲ್ಲ ಓದಿದ್ದಳು. ಓದಿಯೂ ಅದನ್ನು ಒಂದು ದಾರಕ್ಕೆ ಪೋಣಿಸಿ ನೋಡಿರಲಿಲ್ಲ.

"ಬರೀ ಮಾತು ನಂಬೋಕಾಗಲ್ಲ," ಎಂದಳು. ಆದರೆ ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

"ನಂಬಬೇಡಿ. ನಿಮ್ಮಣ್ಣನ ಆ ಸುಣ್ಣದ ಮಾತ್ರೆ ಇನ್ನೂ ಇದೆಯಾ?"

ಲ್ಯಾಬಿನವಳು ಅರ್ಧ ಮಾತ್ರೆಯನ್ನು ಅರೆದು, ಉಳಿದರ್ಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದಿರುಗಿಸಿದ್ದಳು. ಇನ್ಸ್‌ಪೆಕ್ಟರಮ್ಮ ಅದನ್ನು ಮೇಜಿನ ಮೇಲಿಟ್ಟಳು, ಬೆರಳು ಮಾತ್ರ ಚೀಲದ ತುದಿಯಿಂದ ತೆಗೆಯಲಿಲ್ಲ.

ಡಾಕ್ಟರು ಪಕ್ಕದಲ್ಲಿ ಎರಡು ಮಾತ್ರೆ ಇಟ್ಟರು. ತಟ್ಟೆಯಿಂದ ಒಂದು, ಡಬ್ಬದಿಂದ ಒಂದು. ಮೇಜಿನ ದೀಪವನ್ನು ಬಗ್ಗಿಸಿದರು.

"ನೋಡಿ."

ತಟ್ಟೆಯದು ಅಸಲಿ. ಅದರ ಮೈಮೇಲೆ ಕಂಪನಿಯ ಗುರುತು ಅಚ್ಚೊತ್ತಿತ್ತು. ಡಬ್ಬದ ವಿಟಮಿನ್ ಎರಡು ಕಡೆಯೂ ಬೋಳು.

"ನನ್ನದು ಬೋಳು. ಯಾರಾದ್ರೂ ಕೇಳಿದ್ರೆ, ಹೊಸ ಸರಕು, ಹಾಗೇ ಬಂದಿದೆ ಅಂತೀನಿ. ಯಾರೂ ಕೇಳಿಲ್ಲ. ಈಗ ನಿಮ್ಮದನ್ನ ನೋಡಿ."

ಅವಳು ಬಗ್ಗಿದಳು. ಅಣ್ಣನ ಅರ್ಧ ಮಾತ್ರೆಯ ಮೇಲೆ ಅರ್ಧ ಗುರುತು. ಅದೇ ಆಕಾರ, ಅದೇ ಆಳ. ಸುಣ್ಣದ ಮೇಲೆ ಕಂಪನಿಯ ಅಚ್ಚು.

ಕೋಣೆಯ ಫ್ಯಾನು ಕಿರಕ್ ಕಿರಕ್ ಎನ್ನುತ್ತ ತಿರುಗುತ್ತಿತ್ತು.

"ನಾನು ಡಬ್ಬದಿಂದ ತೆಗೆದು ತುಂಬಿಸೋನು," ಎಂದರು ಡಾಕ್ಟರು. "ಇದನ್ನ ಮಾಡಿದೋನು ಕೂತು ಅಚ್ಚು ಕೊರೆದಿದ್ದಾನೆ. ಕಾಯಿಲೆಯವರ ಕಣ್ಣಿಗಷ್ಟೇ ಅಲ್ಲ, ನನ್ನ ಕಣ್ಣಿಗೂ ಮಣ್ಣೆರಚೋಕೆ. ಇಂಥ ಮಾತ್ರೆ ಹೊರಗೆ ಓಡಾಡ್ತಿದೆ ಅಂತ ನನಗೆ ಈ ಕ್ಷಣದವರೆಗೂ ಗೊತ್ತಿರಲಿಲ್ಲ."

ಇನ್ಸ್‌ಪೆಕ್ಟರಮ್ಮ ಅರ್ಧ ಮಾತ್ರೆಯ ಚೀಲವನ್ನು ಮತ್ತೆ ಜೇಬಿಗೆ ಸೇರಿಸಿದಳು. ಕಳ್ಳ ಸಿಕ್ಕ ಎಂದುಕೊಂಡರೆ ಸಿಕ್ಕವನು ಬೇರೆ ಕಳ್ಳ. ಅಣ್ಣನ ಜೀವ ತಿನ್ನುತ್ತಿರುವವನು ಇನ್ನೂ ಎಲ್ಲೋ ಆರಾಮವಾಗಿದ್ದಾನೆ.

"ಆ ನಾಲ್ವರ ಬಾಟಲಿಗೆ ಹೆಸರು ಬರೆದಿದ್ದು ನೀವೇ ತಾನೆ?"

"ನಾನೇ. ಬರೆದು ಕಿಟಕಿಯಿಂದ ಸಿಸ್ಟರಿಗೆ ಕೊಟ್ಟೆ. ಸಿಸ್ಟರು ಅವರ ಕಡೆಯವರಿಗೆ ಕೊಟ್ಟರು."

"ಕಡೆಯವರು ಅಂದ್ರೆ? ರೋಗಿಗಳೇ ಬಂದು ಸಿಸ್ಟರ್ ಎದುರು ನುಂಗಬೇಕಲ್ಲ?"

"ನಡೆಯೋಕಾಗೋರಿಗೆ ಆ ಕಟ್ಟುಪಾಡು. ಆ ನಾಲ್ವರ ಹಾಗೆ ನಡೆಯೋಕಾಗದೋರನ್ನ ಹೊತ್ಕೊಂಡು ಬಾ ಅನ್ನೋಕಾಗುತ್ತಾ? ಅಂಥೋರ ಬಾಟಲಿ ಒಯ್ಯೋಕೆ ಒಬ್ಬರಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೀನಿ."

"ಒಬ್ಬರಿಗೆ? ಎಲ್ಲರದ್ದೂ ಒಬ್ಬರೇ ಒಯ್ತಾರಾ?"

ಡಾಕ್ಟರು ಅವಳನ್ನೇ ವಿಚಿತ್ರವಾಗಿ ನೋಡಿದರು. "ನಿಮಗೆ ಗೊತ್ತಿಲ್ವಾ? ನಿಮ್ಮ ಅತ್ತಿಗೆ. ಗಂಡನದ್ದು ತಗೊಂಡು ಹೋಗೋಕೆ ಹೇಗೂ ಬರ್ತೀನಿ, ಪಾಪ ಆ ಜನರದ್ದೂ ತಲುಪಿಸ್ತೀನಿ ಅಂದ್ರು. ಅಂಥ ಹೆಂಗಸು ನೂರಕ್ಕೊಬ್ಬರು."

ಅತ್ತಿಗೆ ಅಣ್ಣನ ಬಾಟಲಿ ತರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಉಳಿದ ನಾಲ್ವರ ಮುಖವನ್ನೂ ಅತ್ತಿಗೆ ನೋಡಿಲ್ಲ ಎಂದು ತನಗೆ ತಾನೇ ಅಂದುಕೊಂಡು, ಮೊದಲ ದಿನವೇ ಆ ಯೋಚನೆಯನ್ನು ಕೊಡವಿ ಹಾಕಿದ್ದಳು. ಅಮ್ಮ ಹೋದ ಮೇಲೆ ತನ್ನ ತಲೆ ಬಾಚಿ, ತುತ್ತಿಟ್ಟು, ಶಾಲೆಗೆ ಕಳಿಸಿದ ಕೈಗಳವು. ಆ ಕೈಗಳ ಮೇಲೆ ಅನುಮಾನ ಪಡುವುದು ಹೇಗೆಂದು ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ಈ ಕೋಣೆ ಬಿಟ್ಟು ಹೋಗಬೇಡಿ," ಎಂದಳು ಡಾಕ್ಟರಿಗೆ.

"ಹೊರಗೆ ಇಷ್ಟು ಜನ ಕೂತಿದ್ದಾರೆ. ಎಲ್ಲಿಗೆ ಹೋಗಲಿ?"

ತಟ್ಟೆಯನ್ನೂ ಡಬ್ಬವನ್ನೂ ಅವಳು ಅಲ್ಮೇರಾದಲ್ಲಿಟ್ಟು ಬೀಗ ಹಾಕಿ, ಬೀಗದ ಮೇಲೆ ಇಲಾಖೆಯ ಅರಗಿನ ಮುದ್ರೆ ಒತ್ತಿದಳು. ಅರಗು ಬೆರಳಿಗೆ ತಾಗಿ ಚುರ್ರೆಂದರೂ ಕೈ ಹಿಂದೆಗೆಯಲಿಲ್ಲ. ಚಿಲಕ ತೆಗೆದು ಹಜಾರಕ್ಕೆ ಬಂದಳು.

ಬೆಂಚಿನ ತುದಿಯಲ್ಲಿ ಅತ್ತಿಗೆ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ, ಎರಡೂ ಕೈ ಚೀಲದ ಮೇಲೆ. ಪಕ್ಕದ ಮುದುಕನಿಗೆ ಏನೋ ಸಮಾಧಾನ ಹೇಳುತ್ತಿದ್ದವಳು ನಾದಿನಿಯನ್ನು ಕಂಡು ಅರ್ಧ ಎದ್ದು ನಿಂತಳು.

"ಪುಟ್ಟಿ! ನೀನೇನೇ ಇಲ್ಲಿ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ? ಮುಖ ನೋಡು, ಬಿಳಿಚಿಕೊಂಡಿದೆ."

"ಚೀಲ ಕೊಡಿ ಅತ್ತಿಗೆ."

"ತಗೋ. ಮೆಲ್ಲಗೆ, ಎಲ್ಲ ಕಾಯಿಲೆಯವರದ್ದು."

ಕೊಡಲು ಒಂದಿಷ್ಟೂ ಅಳುಕಲಿಲ್ಲ. ಇನ್ಸ್‌ಪೆಕ್ಟರಮ್ಮ ಚೀಲವನ್ನು ಎದೆಗವಚಿಕೊಂಡು ಅತ್ತಿಗೆಯನ್ನು ಕಿಟಕಿಯ ಪಕ್ಕಕ್ಕೆ ಕರೆದೊಯ್ದಳು.

"ಇವನ್ನೆಲ್ಲ ಇಲ್ಲಿಂದ ಸೀದಾ ಅವರವರ ಮನೆಗೆ ಕೊಡ್ತೀರಾ?"

"ಸೀದಾ ಹೇಗೆ? ಮೊದಲು ನಮ್ಮನೆಗೆ. ನಿಮ್ಮಣ್ಣ ತಮ್ಮದನ್ನೂ ಸೇರಿಸಿ ಒಂದೊಂದೇ ಬಿಚ್ಚಿ ಎಣಿಸ್ತಾರೆ. ಆಸ್ಪತ್ರೆಯವರು ಕಡಿಮೆ ಹಾಕಿದ್ರೆ ಪಾಪದ ಜನಕ್ಕೆ ಮೋಸ ಆಗುತ್ತಲ್ಲ ಅಂತ. ಹಾಸಿಗೆ ಮೇಲೇ ಕೂತು ಮಾಡ್ತಾರೆ, ನನ್ನನ್ನ ಒಳಗೆ ಬಿಡಲ್ಲ, ಎಣಿಕೆ ತಪ್ಪುತ್ತಂತೆ. ಮಾರನೇ ದಿನ ನಾನು ಹಂಚಿ ಬರ್ತೀನಿ." ಅತ್ತಿಗೆ ಮಾತು ನಿಲ್ಲಿಸಿದಳು. "ಯಾಕೆ ಹಾಗೆ ನೋಡ್ತೀಯ?"

ಇನ್ಸ್‌ಪೆಕ್ಟರಮ್ಮ ಚೀಲದ ಬಾಯಿ ಅಗಲಿಸಿ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿದಳು. ದುಂಡಕ್ಷರದಲ್ಲಿ ಯಾರು ಯಾರದೋ ಹೆಸರು. ಎಲ್ಲವನ್ನೂ ನೋಡಿ ಮತ್ತೆ ಮೊದಲಿನಿಂದ ನೋಡಿದಳು.

"ಅಣ್ಣಂದು ಎಲ್ಲಿ?"

ಅತ್ತಿಗೆ ತಲೆ ತಗ್ಗಿಸಿದಳು.

"ಅತ್ತಿಗೆ, ಅಣ್ಣನ ಬಾಟಲಿ ಎಲ್ಲಿ?"

ಉತ್ತರ ಕೊಟ್ಟದ್ದು ಮೇಜಿನ ಹಿಂದಿನಿಂದ ಕತ್ತರಿ ಸಿಸ್ಟರ್. ಅವರ ಕಿವಿ ಬಹಳ ಚುರುಕು. "ಅವರದ್ದಾ? ಈ ಸಲ ಅವರೇ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಬಂದು ತಗೊಂಡು ಹೋದ್ರಲ್ಲ ಮೇಡಂ. ಲಿಫ್ಟ್ ಬೇರೆ ಕೆಟ್ಟಿದೆ, ಮೆಟ್ಟಿಲು ಹತ್ಕೊಂಡೇ ಬಂದ್ರು. ನನ್ನೆದುರೇ ಮಾತ್ರೆ ನುಂಗಿದ್ರು. ನಾಲಿಗೆ ಎತ್ತಿ ಅಂದ್ರೆ, ಎತ್ತಿ ತೋರಿಸಿ ನಕ್ಕರು. ಬಹಳ ಒಳ್ಳೇ ಮನುಷ್ಯ."

ಇನ್ಸ್‌ಪೆಕ್ಟರಮ್ಮ ಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಸಾಧ್ಯ ಇಲ್ಲ," ಎಂದಳು ಮೆಲ್ಲಗೆ, ಅತ್ತಿಗೆಗೆ ಮಾತ್ರ ಕೇಳುವಂತೆ. "ಮಂಚದಿಂದ ಬಚ್ಚಲಿಗೆ ಹೋಗೋಕೂ ಅಣ್ಣನಿಗೆ ನನ್ನ ಹೆಗಲು ಬೇಕು."

ಅತ್ತಿಗೆ ಅತ್ತಿತ್ತ ನೋಡಿ, ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀನು ಮನೇಲಿದ್ದಾಗ ಬೇಕು, ಪುಟ್ಟಿ."